ಆರೋಗ್ಯ ಶಿಬಿರ ನಡೆಸುವವರೇ, ತೂಕದ ಮೇಜಿನ ಬಗ್ಗೆ ಒಂದು ತಕರಾರು

ಮಂಡ್ಯ, ಮೈಸೂರು ಕಡೆ ಉಚಿತ ಆರೋಗ್ಯ ಶಿಬಿರ ನಡೆಸುವ ಸಂಘ ಸಂಸ್ಥೆಗಳವರಿಗೆ, ಅಲ್ಲಿಗೆ ಬಂದು ಕೂರುವ ಡಾಕ್ಟರುಗಳಿಗೆ, ಅವಕ್ಕೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಶಿಬಿರ ಬೇಡ ಅನ್ನುವ ಪತ್ರ ಅಲ್ಲ ಇದು. ತಮಗೆ ಬಿಪಿ ಇದೆ, ಶುಗರ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗುವುದೇ ನಿಮ್ಮ ಶಿಬಿರದಲ್ಲಿ. ಭಾನುವಾರದ ರಜೆ ಬಿಟ್ಟು ಬಂದು ಕೂರುತ್ತೀರಿ, ಕಾಸು ಕೇಳುವುದಿಲ್ಲ. ಅದನ್ನು ಯಾರೂ ಮರೆತಿಲ್ಲ. ನನ್ನ ತಕರಾರು ಇರುವುದು ಒಂದೇ ಮೇಜಿನ ಬಗ್ಗೆ, ತೂಕ ನೋಡುವ ಮೇಜು. ಅಲ್ಲಿ ಹತ್ತಿಸುತ್ತೀರಿ, ಅಂಕಿ ಜಾಸ್ತಿ ಬಂದರೆ "ಬಾಯಿ ಕಟ್ಟಿ" ಅನ್ನುತ್ತೀರಿ, ಮುಂದಿನವರನ್ನು ಕರೆಯುತ್ತೀರಿ. ಮುಗೀತು.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಡಾಕ್ಟರ್ ಅಲ್ಲ. ಆದರೆ ಹಸಿವಿನ ಬಗ್ಗೆ ಕಳೆದ ಮೂವತ್ತು ವರ್ಷದಲ್ಲಿ ಏನೇನು ಗೊತ್ತಾಗಿದೆಯೋ ಅದು ಆ ಮೇಜಿನ ತನಕ ಇನ್ನೂ ಬಂದಿಲ್ಲ ಅನ್ನಿಸುತ್ತಿದೆ. ಅದಕ್ಕೇ ಈ ಪತ್ರ.

ಈಚೆಗೆ ನಮ್ಮ ಕಡೆ ಒಂದು ಸಮುದಾಯ ಭವನದಲ್ಲಿ ಶಿಬಿರ ಇತ್ತು. ಯಾರು ನಡೆಸಿದ್ದು ಅನ್ನುವುದು ಬೇಡ, ಸುಮಾರು ಕಡೆ ಹೀಗೇ ಇರುತ್ತದೆ. ತೂಕದ ಮಷೀನು ಬಾಗಿಲ ಪಕ್ಕದಲ್ಲಿ, ಬರೆದುಕೊಳ್ಳುವ ಹುಡುಗ ಹಾಲಿನ ಆ ತುದಿಯಲ್ಲಿ. ಹಾಗಾಗಿ ಅಂಕಿಯನ್ನು ಕೂಗಿಯೇ ಹೇಳಬೇಕು. ನಮ್ಮ ಬೀದಿಯಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಚೀಲ ನನಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಹತ್ತಿದಳು. "ಎಂಬತ್ತೆರಡೂ" ಅಂತ ಕೂಗಿದರು. ಕ್ಯೂನಲ್ಲಿದ್ದ ಗಂಡಸರು ಕಿಸಕ್ ಅಂದರು. ಡಾಕ್ಟರು ಚೀಟಿ ನೋಡಿ, "ಏನಮ್ಮಾ, ಮನೇಲಿ ಎಲ್ಲರ ಪಾಲೂ ನೀನೇ ತಿಂತೀಯಾ?" ಅಂದರು. ತಮಾಷೆಗೇ ಅಂದಿದ್ದು, ಕೆಟ್ಟ ಮನಸ್ಸಿನಿಂದ ಅಲ್ಲ. ಅವಳೂ ನಕ್ಕಳು. ನಕ್ಕು, ನನ್ನ ಕೈಯಿಂದ ಚೀಲ ಇಸಿದುಕೊಂಡು, ಶುಗರ್ ಟೆಸ್ಟ್ ಮಾಡಿಸದೆ ಹೊರಟುಹೋದಳು. ಅವಳ ಅಮ್ಮನಿಗೆ ಶುಗರ್ ಇದೆ. ಯಾರನ್ನು ಮುಖ್ಯವಾಗಿ ಪರೀಕ್ಷೆ ಮಾಡಬೇಕಿತ್ತೋ ಅವಳೇ ತಪ್ಪಿಸಿಕೊಂಡಳು.

ಅವಳ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು. ನಾಲ್ಕೂವರೆಗೆ ಏಳಬೇಕು. ನೀರು ಹಿಡಿದು, ಅಡುಗೆ ಮಾಡಿ, ಎಲ್ಲರ ಡಬ್ಬಿ ಕಟ್ಟಿ, ಏಳು ಗಂಟೆಗೆ ಗಾರ್ಮೆಂಟ್ಸ್ ಬಸ್ ಹಿಡಿಯಬೇಕು. ತಿಂಡಿಗೆ ಹೊತ್ತಿಲ್ಲ, ಒಂದು ಲೋಟ ಕಾಫಿ ಅಷ್ಟೆ. ಟೀ ಬಿಡುವಿನಲ್ಲಿ ಒಂದು ಬನ್ನು. ಮಧ್ಯಾಹ್ನ ಅನ್ನ, ತಿಳಿ ಸಾರು. ಸಂಜೆ ಬಸ್ಸು ಇಳಿಯುವ ಹೊತ್ತಿಗೆ ಕೈ ನಡುಗುವಷ್ಟು ಹಸಿವು, ಎದುರಿಗೇ ಬೋಂಡದ ಗಾಡಿ. ರಾತ್ರಿ ಎಲ್ಲರಿಗೂ ಬಡಿಸಿ ಅವಳು ಉಣ್ಣುವುದು ಹತ್ತರ ಮೇಲೆ, ಮಲಗುವುದು ಹನ್ನೊಂದೂವರೆಗೆ. ಇನ್ನು ಎಲ್ಲಿ ಬಾಯಿ ಕಟ್ಟಬೇಕು ಹೇಳಿ. ಬೆಳಗ್ಗೆಯಿಂದ ಸಂಜೆ ತನಕ ಕಟ್ಟಿಕೊಂಡೇ ಇದ್ದಾಳಲ್ಲ.

ಆ ಸಂಜೆ ಹೊತ್ತಿನ ಹಸಿವಿನಲ್ಲಿ ಗ್ರೆಲಿನ್ ಅನ್ನುವ ಹಾರ್ಮೋನಿನ ಕೈವಾಡ ಇದೆ. 1999ರಲ್ಲಿ ಜಪಾನಿನ ಮಸಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ತಂಡ ಇದನ್ನು ಕಂಡುಹಿಡಿಯಿತು. ಹೆಚ್ಚಾಗಿ ತಯಾರಾಗುವುದು ಹೊಟ್ಟೆಯ ಒಳಗೋಡೆಯಲ್ಲಿ. ಊಟಕ್ಕೆ ಮುಂಚೆ ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ನಾವು ದಿನಾ ಉಣ್ಣುವ ಹೊತ್ತಿಗೆ ಅದು ಹೊಂದಿಕೊಂಡುಬಿಡುತ್ತದೆ, ಹಾಗಾಗಿ ಒಂದು ಗಂಟೆಗೆ ಉಣ್ಣುವವರಿಗೆ ಒಂದು ಗಂಟೆಗೇ ಹೊಟ್ಟೆ ಚುರುಗುಟ್ಟುತ್ತದೆ. ಅದು ಬರೀ ಹಸಿವು ಎಬ್ಬಿಸಿ ಸುಮ್ಮನಿರುವುದಿಲ್ಲ. ತಿನ್ನುವುದರಲ್ಲಿ ಖುಷಿ ಹುಡುಕುವ ಮಿದುಳಿನ ಭಾಗಕ್ಕೂ ಕೈ ಹಾಕುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಸಂತೆಗೆ ಹೋದವರ ಕಣ್ಣು ಸೌತೆಕಾಯಿ ಮೇಲೆ ಬೀಳುವುದಿಲ್ಲ, ಖಾರಾಬೂಂದಿ ಮೇಲೆ ಬೀಳುತ್ತದೆ. ಇದನ್ನು ನೀವು ಬಾಯಿಚಪಲ ಅನ್ನುತ್ತೀರಿ. ಚಪಲ ಹೌದು, ಆದರೆ ಅದನ್ನು ಎಬ್ಬಿಸಿದ್ದು ಹೊತ್ತಿಗೆ ಸರಿಯಾಗಿ ಊಟ ಸಿಗದ ಹೊಟ್ಟೆ.

ಇನ್ನೊಂದು ಹಾರ್ಮೋನು ಲೆಪ್ಟಿನ್. ಇದರ ಕತೆ ಕ್ಲಾಸಿನಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಕೇಳುತ್ತಾರೆ. ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ತಿಂದು ತಿಂದು ಚೆಂಡಿನ ಹಾಗೆ ಆಗುವ ಇಲಿಗಳ ತಳಿ ಇತ್ತು. ಯಾಕೆ ಹಾಗೆ ಅಂತ ಹುಡುಕುತ್ತಾ ಹೋದ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ 1994ರಲ್ಲಿ ಒಂದು ಜೀನ್ ಸಿಕ್ಕಿತು. ಕೊಬ್ಬಿನ ಜೀವಕೋಶಗಳೇ ಒಂದು ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತವೆ, ಕಣಜದಲ್ಲಿ ಇನ್ನೂ ಎಷ್ಟು ರಾಗಿ ಇದೆ ಅಂತ ಮನೆಯವರಿಗೆ ಹೇಳಿ ಕಳಿಸಿದ ಹಾಗೆ. ಆ ಇಲಿಗಳಲ್ಲಿ ಆ ಸುದ್ದಿ ಮಿದುಳಿಗೆ ಹೋಗುತ್ತಲೇ ಇರಲಿಲ್ಲ. ಮೈತುಂಬ ಕೊಬ್ಬಿದ್ದರೂ ಮಿದುಳಿಗೆ ಮಾತ್ರ ಬರಗಾಲ.

ಮನುಷ್ಯರಲ್ಲೂ ಹೀಗಾಗುತ್ತದಾ? 1997ರಲ್ಲಿ ಕೇಂಬ್ರಿಡ್ಜ್‌ನ ಡಾಕ್ಟರುಗಳು ಒಂದೇ ಬಂಧುಬಳಗದ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿದರು. ಎಂಟು ವರ್ಷದ ಹುಡುಗಿ 86 ಕೆಜಿ. ಎರಡು ವರ್ಷದ ಹುಡುಗ 29 ಕೆಜಿ. ಎಷ್ಟು ಉಂಡರೂ ಹಸಿವು ಇಂಗುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಆ ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ಒಂದೇ ವರ್ಷದಲ್ಲಿ 16 ಕೆಜಿ ಇಳಿಯಿತು. ಅವಳಿಗೆ ಯಾರೂ ಮನೋಬಲದ ಪಾಠ ಮಾಡಿರಲಿಲ್ಲ. ಇಲ್ಲದ ಒಂದು ರಾಸಾಯನಿಕವನ್ನು ತುಂಬಿಕೊಟ್ಟರು, ಅಷ್ಟೆ.

ಇಂಥ ಮಕ್ಕಳು ಬಲು ಅಪರೂಪ, ಒಪ್ಪುತ್ತೇನೆ. ತೂಕ ಜಾಸ್ತಿ ಇರುವ ಬಹುಪಾಲು ಜನಕ್ಕೆ ಲೆಪ್ಟಿನ್ ಕೊರತೆ ಇರುವುದಿಲ್ಲ, ಬೇಕಾದಷ್ಟು ಇರುತ್ತದೆ. ಮಿದುಳು ಅದರ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡಿರುತ್ತದೆ. ಹಾಗಾಗಿ ಲೆಪ್ಟಿನ್ ಕೊಟ್ಟು ಎಲ್ಲರನ್ನೂ ತೆಳ್ಳಗೆ ಮಾಡಬಹುದು ಅಂತ ಕೋಟಿಗಟ್ಟಲೆ ಸುರಿದ ಔಷಧ ಕಂಪನಿಯ ಆಸೆ ನೀರು ಪಾಲಾಯಿತು. ಆದರೆ ಈ ಕತೆಯಿಂದ ತಿಳಿಯಬೇಕಾದ್ದು ಇದೆ. ತೂಕ ಇಳಿದು ಕೊಬ್ಬು ಕರಗಿದ ತಕ್ಷಣ ಲೆಪ್ಟಿನ್ನೂ ಇಳಿಯುತ್ತದೆ. ಆಗ ಮಿದುಳು, ಬರಗಾಲ ಬಂತು ಅಂದುಕೊಂಡು, ಹಸಿವು ಏರಿಸುತ್ತದೆ, ಮೈ ಶಕ್ತಿ ಖರ್ಚು ಮಾಡುವುದನ್ನು ಇಳಿಸುತ್ತದೆ.

ನಿಮ್ಮ ಮೇಜಿಗೆ ಈ ವಿಷಯ ತೀರಾ ಬೇಕಾದ್ದು. ಮೆಲ್ಬರ್ನ್‌ನಲ್ಲಿ 50 ಜನಕ್ಕೆ 10 ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದರು. ಚೆನ್ನಾಗಿ ಇಳಿದರು. ಗ್ರೆಲಿನ್ ಏರಿತು, ಲೆಪ್ಟಿನ್ ಇಳಿಯಿತು, ಹಸಿವು ಜಾಸ್ತಿ ಆಯಿತು, ಇದು ಎಲ್ಲರೂ ಅಂದುಕೊಂಡಿದ್ದೇ. ಆದರೆ ಒಂದು ವರ್ಷ ಬಿಟ್ಟು ಮತ್ತೆ ನೋಡಿದರೆ, ಆ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದೇ ಇರಲಿಲ್ಲ. ಅಷ್ಟರಲ್ಲಿ ಸ್ವಲ್ಪ ತೂಕ ವಾಪಸ್ ಬಂದಿತ್ತು, ಹಸಿವು ಮಾತ್ರ ಇನ್ನೂ ಹೆಚ್ಚೇ. 2011ರಲ್ಲಿ ಇದು ಪ್ರಕಟವಾಯಿತು. ಈಗ ಹೇಳಿ, ಕಳೆದ ವರ್ಷದ ಶಿಬಿರದಲ್ಲಿ ಬೈಸಿಕೊಂಡು ಐದು ಕೆಜಿ ಇಳಿಸಿ, ಈ ವರ್ಷ ಏಳು ಕೆಜಿ ಏರಿಸಿಕೊಂಡು ಬಂದವರಿಗೆ "ನಿಮಗೆ ಮನಸ್ಸಿಲ್ಲ" ಅನ್ನುವುದು ನ್ಯಾಯವಾ? ಅವರ ಮೈ ಪೂರ್ತಿ ವರ್ಷ ಅವರ ಮೇಲೇ ಜಗಳಕ್ಕೆ ನಿಂತಿತ್ತು. ಅದರ ಬಗ್ಗೆ ಮುಂಚೆಯೇ ಒಂದು ಮಾತು ಹೇಳಿ ಕಳಿಸಿದ್ದರೆ ತಯಾರಾಗಾದರೂ ಇರುತ್ತಿದ್ದರು.

ನಿದ್ದೆ ಬಗ್ಗೆ ಶಿಬಿರದಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ. ಕಬ್ಬಿಗೆ, ಭತ್ತಕ್ಕೆ ಬೋರಿನಿಂದ ನೀರು ಹಾಯಿಸುವವರ ಪಾಡು ನೋಡಿ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, ಬ್ಯಾಟರಿ ಹಿಡಿದು, ಹಾವು ಹುಪ್ಪಟೆ ನೋಡಿಕೊಂಡು, ನಡುರಾತ್ರಿ ಗದ್ದೆಗೆ ಹೋಗಬೇಕು. ಮಡೆ ಕಟ್ಟಿ ಬಂದು ಮಲಗುವ ಹೊತ್ತಿಗೆ ಕೋಳಿ ಕೂಗುತ್ತದೆ. ಮೈಸೂರಲ್ಲಿ ರಾತ್ರಿ ಪಾಳಿ ಮಾಡುವ ಫ್ಯಾಕ್ಟರಿಯವರು, ನರ್ಸುಗಳು, ಸೆಕ್ಯುರಿಟಿ ಅಣ್ಣಂದಿರು, ಎಲ್ಲರದೂ ಇದೇ ಕತೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 12 ಜನ ಆರೋಗ್ಯವಂತ ಹುಡುಗರನ್ನು ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ ಗ್ರೆಲಿನ್ ನೂರಕ್ಕೆ 28ರಷ್ಟು ಏರಿತ್ತು, ಲೆಪ್ಟಿನ್ 18ರಷ್ಟು ಇಳಿದಿತ್ತು. ಹಸಿವು ಹೆಚ್ಚಿತ್ತು, ಅದರಲ್ಲೂ ಸಿಹಿ, ಉಪ್ಪು, ಹಿಟ್ಟಿನ ತಿಂಡಿಗಳ ಮೇಲೆ ಆಸೆ ಹೆಚ್ಚಿತ್ತು. 2004ರ ಮಾತು ಇದು. ಚಿಕ್ಕ ಪ್ರಯೋಗ, ಇದನ್ನೇ ವೇದವಾಕ್ಯ ಅನ್ನಬೇಡಿ ಅಂತ ನೀವು ಹೇಳಬಹುದು. ಸರಿ, 2022ರದ್ದು ತೆಗೆದುಕೊಳ್ಳಿ. ನಿದ್ದೆ ಕಡಿಮೆ ಇದ್ದ, ತೂಕ ಜಾಸ್ತಿ ಇದ್ದ 80 ಜನ. ಅವರಲ್ಲಿ ಅರ್ಧ ಜನಕ್ಕೆ ಎರಡು ವಾರ ದಿನಕ್ಕೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ನಿದ್ದೆ ಬರುವ ಹಾಗೆ ಮಾಡಿದರು. ಪಥ್ಯ ಹೇಳಲಿಲ್ಲ, ವ್ಯಾಯಾಮ ಹೇಳಲಿಲ್ಲ. ಉಳಿದವರಿಗೆ ಹೋಲಿಸಿದರೆ ಅವರು ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದರು, ತಾವಾಗಿಯೇ.

ರಾತ್ರಿ ಕರೆಂಟು ಯಾವಾಗ ಬರಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇಲ್ಲ, ಗೊತ್ತು. ಆದರೆ ಈ ಪತ್ರ ಓದುವವರಲ್ಲಿ ಅಧಿಕಾರಿಗಳೂ ಇದ್ದೀರಲ್ಲ. ಹಗಲು ಹೊತ್ತು ಪಂಪ್‌ಸೆಟ್ಟಿಗೆ ಕರೆಂಟು ಕೊಡಿ ಅನ್ನುವುದು ರೈತರ ಹಳೇ ಬೇಡಿಕೆ. ಅದು ಆರೋಗ್ಯ ಇಲಾಖೆಯ ಫೈಲಿನಲ್ಲೂ ಇರಬೇಕಾದ ವಿಷಯ ಅಂತ ನನ್ನ ಅಭಿಪ್ರಾಯ.

ಇನ್ನು ಊಟದ ಸಲಹೆ. "ಅನ್ನ ಬಿಡಿ, ಮುದ್ದೆ ತಿನ್ನಿ" ಅನ್ನುತ್ತೀರಿ. ಮಂಡ್ಯದಲ್ಲಿ ನಿಂತು ಮುದ್ದೆ ತಿನ್ನಿ ಅಂತ ಹೇಳಿಕೊಡುವುದಾ! ಇಲ್ಲಿ ಮುದ್ದೆ ಉಣ್ಣುವವರಿಗೇ ಶುಗರ್ ಬಂದಿದೆ. ಕೊರತೆ ಇರುವುದು ಜೊತೆಗೆ ಹಾಕಿಕೊಳ್ಳುವುದರಲ್ಲಿ. ಕರುಳಿನಿಂದ ಹೊರಡುವ ಜಿಎಲ್‌ಪಿ-1, ಪಿವೈವೈ ಅನ್ನುವ ಹಾರ್ಮೋನುಗಳು "ಸಾಕು" ಅಂತ ಮಿದುಳಿಗೆ ಹೇಳುವಂಥವು. ಪ್ರೋಟೀನು, ನಾರು ಇರುವ ಊಟ, ನಿಧಾನಕ್ಕೆ ಉಣ್ಣುವ ಊಟ ಇವನ್ನು ಚೆನ್ನಾಗಿ ಎಬ್ಬಿಸುತ್ತದೆ. ಒಂದೇ ಅಳತೆಯ ಐಸ್‌ಕ್ರೀಮನ್ನು ಐದು ನಿಮಿಷದಲ್ಲಿ ತಿಂದಾಗಿನದಕ್ಕಿಂತ ಅರ್ಧ ಗಂಟೆಯಲ್ಲಿ ತಿಂದಾಗ ಈ ಎರಡೂ ಜಾಸ್ತಿ ಇದ್ದವು ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಬಸ್ಸಾರಿನಲ್ಲಿ ಸೊಪ್ಪಿದೆ, ಕಾಳಿದೆ, ಹುರುಳಿಕಾಳು, ಅವರೆಕಾಳು, ಮೊಟ್ಟೆ, ಎಲ್ಲ ಇಲ್ಲೇ ಸಿಗುತ್ತವೆ. ಹಾಗಾಗಿ ಹೇಳುವುದೇ ಆದರೆ, ಮುದ್ದೆ ಒಂದು ಸಾಕು, ಪಲ್ಯ ಒಂದು ಸೌಟು ಜಾಸ್ತಿ ಹಾಕಿಕೊಳ್ಳಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಡಿ ಅಂತ ಹೇಳಿ. ಬಡಿಸಿ ಬಡಿಸಿ ಕೊನೆಗೆ ಉಣ್ಣುವ ಹೆಂಗಸರಿಗೆ ಪಲ್ಯದ ಪಾತ್ರೆಯಲ್ಲಿ ಏನೂ ಉಳಿದಿರುವುದಿಲ್ಲ, ಮುದ್ದೆ ಮಾತ್ರ ಇರುತ್ತದೆ. ಅದನ್ನು ಅವರ ಗಂಡಂದಿರಿಗೂ ಕೂರಿಸಿಕೊಂಡು ಹೇಳಿ. (ಬೆಲ್ಲದ ಬಗ್ಗೆ ಒಂದೇ ಮಾತು: ಆಲೆಮನೆ ನಮ್ಮ ಹೆಮ್ಮೆ, ಆದರೆ ಶುಗರ್ ಇರುವವರಿಗೆ "ಸಕ್ಕರೆ ಬದಲು ಬೆಲ್ಲ ಹಾಕಿಕೊಳ್ಳಿ" ಅಂತ ದಯವಿಟ್ಟು ಹೇಳಬೇಡಿ. ಅದೂ ಸಕ್ಕರೆಯೇ.)

ಪ್ಯಾಕೆಟ್ ತಿಂಡಿ ಬಗ್ಗೆಯೂ ಗಟ್ಟಿಯಾಗಿ ಹೇಳಬಹುದು, ಆಧಾರ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಒಂದು ತಿಂಗಳು ವಾರ್ಡಿನಲ್ಲೇ ಇಟ್ಟುಕೊಂಡು, ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಊಟ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟಿತು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಸಮ. ಬೇಕಾದಷ್ಟು ತಿನ್ನಿ ಅಂದರು. ಫ್ಯಾಕ್ಟರಿ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಎರಡು ವಾರಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಏರಿದರು. ಮಾಮೂಲಿ ಅಡುಗೆಯಲ್ಲಿ ಅಷ್ಟೇ ಇಳಿದರು, ಪಿವೈವೈ ಏರಿತ್ತು, ಗ್ರೆಲಿನ್ ಇಳಿದಿತ್ತು. ಅದೇ ಜನ, ಅದೇ ಮನಸ್ಸು. ಬದಲಾಗಿದ್ದು ತಟ್ಟೆ.

ತೂಕದ ಮೇಜಿನಿಂದ ಇನ್ನೊಂದು ಅನ್ಯಾಯ ಆಗುತ್ತಿದೆ, ಅದು ತೆಳ್ಳಗಿರುವವರಿಗೆ. "ನಿಂಗೇನಪ್ಪ, ಕಡ್ಡಿ ಇದ್ದಂಗಿದೀಯಾ" ಅಂತ ಕಳಿಸಿಬಿಡುತ್ತೀರಿ. ಪುಣೆಯ ಡಾ. ಚಿತ್ತರಂಜನ್ ಯಾಜ್ನಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಜೊತೆಗೆ ನಿಂತ ಒಂದು ಫೋಟೊ 2004ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರದು ನೂರಕ್ಕೆ 9.1, ನಮ್ಮವರದು 21.2. ಅಷ್ಟು ದೂರ ಯಾಕೆ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅದೇ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಇದೆ. ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಹೆಚ್ಚಿತ್ತು. ಐದು ವರ್ಷದ ಮಗುವಿಗೆ ಯಾವ ಬಾಯಿ ಕಟ್ಟಿ ಅನ್ನುತ್ತೀರಿ? ಮೈಸೂರಿನ ಮಕ್ಕಳನ್ನು ನೋಡಿ ಪ್ರಪಂಚವೇ ಕಲಿತ ಪಾಠ ಇದು, ಮೈಸೂರಿನ ಶಿಬಿರದಲ್ಲೇ ಇಲ್ಲ. ಒಂದು ಟೇಪು ತನ್ನಿ, ಸೊಂಟದ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಇದ್ದರೆ ತೂಕ ಎಷ್ಟೇ ಇರಲಿ ಶುಗರ್ ನೋಡಿ.

ಈಗ ತೂಕ ಇಳಿಸುವ ಇಂಜೆಕ್ಷನ್ ಕಾಲ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ಆಗಲೇ ಹೇಳಿದ ಜಿಎಲ್‌ಪಿ-1 ಇದೆಯಲ್ಲ, ನಮ್ಮ ಮೈಯಲ್ಲಿ ಅದು ಒಂದೆರಡು ನಿಮಿಷದಲ್ಲಿ ಕರಗಿಹೋಗುತ್ತದೆ. ಅದರ ಕೆಲಸವನ್ನೇ ವಾರಪೂರ್ತಿ ಮಾಡುವ ಔಷಧ ಇವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ನಿಲ್ಲಿಸಿ ಒಂದು ವರ್ಷ ಆಗುವಷ್ಟರಲ್ಲಿ ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಔಷಧ ಇದ್ದಾಗ ಇದ್ದ ಮನೋಬಲ ಬಿಟ್ಟಾಗ ಎಲ್ಲಿ ಹೋಯಿತು? ನಾನು ಇದನ್ನು ತೆಗೆದುಕೊಳ್ಳಿ ಅಂತಲೂ ಹೇಳುತ್ತಿಲ್ಲ, ಬೇಡ ಅಂತಲೂ ಹೇಳುತ್ತಿಲ್ಲ. ವಾಕರಿಕೆ, ವಾಂತಿ, ಖರ್ಚು ಎಲ್ಲ ಇದೆ, ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ದುಡ್ಡಿರುವವರ ಹಸಿವು ಕಾಯಿಲೆ, ದುಡ್ಡಿಲ್ಲದವರ ಹಸಿವು ಹೊಟ್ಟೆಬಾಕತನ ಅಂತ ಆಗಬಾರದು ಅನ್ನುವುದಷ್ಟೇ ನನ್ನ ಮಾತು.

ಹಾಗಾದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿ ಕೂತುಬಿಡಬೇಕಾ ಅಂತ ನೀವು ಕೇಳುತ್ತೀರಿ. ಬೇಡ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆಲ್ಲ ಗೊತ್ತಿರುತ್ತದೆ. ಶುಗರ್ ಅಂಚಿನಲ್ಲಿದ್ದವರು ನಡಿಗೆ, ಊಟ ಸರಿಮಾಡಿಕೊಂಡಾಗ ಶುಗರ್ ಬರುವ ಸಾಧ್ಯತೆ ನೂರಕ್ಕೆ 28ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಮಷೀನು ಅಲುಗಾಡದಿದ್ದರೂ ಒಳಗೆ ಲಾಭ ಆಗುತ್ತಿತ್ತು. ಈ ಒಂದು ವಿಷಯ ಹೇಳಿದರೆ ಎಷ್ಟೋ ಜನ ವಾಕಿಂಗ್ ಅರ್ಧಕ್ಕೆ ಬಿಡುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ದುಬಾರಿಯದಲ್ಲ. ತೂಕದ ಮಷೀನನ್ನು ಒಂದು ಪರದೆ ಹಿಂದೆ ಇಡಿ, ಬರೆದುಕೊಳ್ಳುವವರನ್ನು ಪಕ್ಕದಲ್ಲೇ ಕೂರಿಸಿ, ಕೂಗಬೇಡಿ. ತೂಕದ ಮೇಜಿಗಿಂತ ಮುಂಚೆ ಶುಗರ್ ಮೇಜು ಇಡಿ, ಮುಜುಗರ ಆದವರೂ ಟೆಸ್ಟ್ ಮಾಡಿಸಿಯೇ ಹೋಗುತ್ತಾರೆ. ಸಲಹೆ ಕೊಡುವ ಮುಂಚೆ ಎಷ್ಟು ಹೊತ್ತು ಮಲಗುತ್ತೀರಿ, ದಿನದ ಮೊದಲ ಊಟ ಎಷ್ಟು ಗಂಟೆಗೆ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಕೇಳಿ. ಸ್ಟೆರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಶುಗರಿನದೇ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಮಾತ್ರೆ ಬಿಡಿ ಅಂತ ಅಲ್ಲೇ ಹೇಳಬೇಡಿ, ಬರೆದುಕೊಟ್ಟ ಡಾಕ್ಟರ ಹತ್ತಿರ ಕಳಿಸಿ. ಇಳಿದ ತೂಕವನ್ನು ವಾಪಸ್ ತರಲು ಮೈ ಹಟ ಮಾಡುತ್ತದೆ, ಬಂದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಮತ್ತೆ ಬನ್ನಿ ಅಂತ ಮೊದಲ ದಿನವೇ ಹೇಳಿ ಕಳಿಸಿ.

ಜನಕ್ಕೆ ಹಂಚಲು ಒಂದು ಪುಟದ ಕನ್ನಡದ ಹಾಳೆ ಬೇಕಾದರೆ ನಮ್ಮ ಪಿಯು ಮಕ್ಕಳು ಬರೆದುಕೊಡುತ್ತಾರೆ, ಚಿತ್ರವನ್ನೂ ಅವರೇ ಬಿಡಿಸುತ್ತಾರೆ. ನೀವು ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ ಕೊಟ್ಟರೆ ಸಾಕು. ಪ್ರಿಂಟು ಹಾಕಿಸುವ ಖರ್ಚು ನಾವೇ ನೋಡಿಕೊಳ್ಳುತ್ತೇವೆ. ಮುಂದಿನ ಶಿಬಿರದ ತಾರೀಖು ಗೊತ್ತಾದರೆ ಅದಕ್ಕೆ ಮುಂಚೆಯೇ ತಂದುಕೊಡುತ್ತೇವೆ.

ಇಂತಿ,
ಮಂಡ್ಯದ ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ